ಗೂಟ ನೆಟ್ಟ ಜಾಗ

ಮಣ್ಣು ಅಳೆಯಲು ಆಫೀಸಿನಿಂದ ಬಂದ ಮಣ್ಣಿನ ಮೇಡಂ ಹೊಲದ ಬದುವಿನ ಮೇಲೆ ಚಪ್ಪಲಿ ಬಿಚ್ಚಿ ರಬ್ಬರ್ ಬೂಟು ಹಾಕಿಕೊಳ್ಳುವಾಗ ಹುಲ್ಲಪ್ಪನಿಗೆ ಭಯವೇನೂ ಇರಲಿಲ್ಲ. ಸುಸ್ತಿತ್ತು, ಅಷ್ಟೆ. ಐದು ವರ್ಷದಿಂದ ಜೊತೆಗಿದ್ದ ಸುಸ್ತು ಅದು. ಬೆಳಿಗ್ಗೆ ಅವನಿಗಿಂತ ಮೊದಲೇ ಎದ್ದು ಹಾಸಿಗೆಯ ಪಕ್ಕದಲ್ಲಿ ಕೂತಿರುತ್ತಿತ್ತು.

ಹುಲ್ಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಊರು ಇಟ್ಟದ್ದು. ನೇಗಿಲು ಮುಟ್ಟಿಸದೆ, ಕೊಯ್ದ ಜೋಳದ ದಂಟನ್ನೆಲ್ಲ ನೆಲಕ್ಕೇ ಹೊದಿಸಿ, ಅದು ಸಾಲದೆ ಕಂಡವರ ಹೊಲದ ಹುಲ್ಲನ್ನೂ ಬೇಡಿ ಹೊತ್ತು ತಂದು ಹಾಸುವವನಿಗೆ ಇನ್ಯಾವ ಹೆಸರು ಬರುತ್ತದೆ? "ಮಣ್ಣಿಗೆ ಚಳಿಜ್ವರವೇನಯ್ಯಾ? ಕಂಬಳಿ ಹೊದಿಸ್ತಿದ್ದೀಯಲ್ಲ!" ಎಂದು ಕೇಳದ ಬಾಯಿ ಆ ಊರಿನಲ್ಲಿರಲಿಲ್ಲ. ಮೊದಮೊದಲು ಅವನು ಸಿಟ್ಟಾಗುತ್ತಿದ್ದ. ಆಮೇಲೆ ಸಿಟ್ಟಾಗುವುದಕ್ಕೂ ಸೊಂಟದಲ್ಲಿ ಬಲ ಉಳಿಯಲಿಲ್ಲ.

ಅವನಿಗೇನೂ ಹುಚ್ಚಿರಲಿಲ್ಲ. ಹೊಲ ಸರ್ಕಾರದ್ದು, ಅಪ್ಪನ ಕಾಲದಿಂದ ಗುತ್ತಿಗೆಗೆ ಮಾಡಿಕೊಂಡು ಬಂದದ್ದು. ಐದು ವರ್ಷದ ಹಿಂದೆ ಹೊಸ ಕಾಯ್ದೆ ಬಂತು. ಗಾಳಿಯಲ್ಲಿ ಹೊಗೆ ಹೆಚ್ಚಾಗಿದೆ, ಅದರೊಳಗಿನ ಕಾರ್ಬನ್ನನ್ನು ಗಿಡಗಳು ಎಳೆದುಕೊಂಡು ಬೇರಿನ ದಾರಿಯಲ್ಲಿ ಮಣ್ಣಿಗೆ ಇಳಿಸುತ್ತವೆ, ಉತ್ತು ಉತ್ತು ಅದನ್ನು ಮತ್ತೆ ಗಾಳಿಗೆ ಬಿಡಬೇಡಿ, ಮಣ್ಣಿನಲ್ಲೇ ಕೂಡಿಡಿ ಎಂದಿತು ಸರ್ಕಾರ. ಮಾತೇನೋ ಒಳ್ಳೆಯದೇ. ಆದರೆ ಗುತ್ತಿಗೆಯವರಿಗೆ ಮಾತ್ರ ಆ ಮಾತಿನ ಬಾಲಕ್ಕೊಂದು ಮುಳ್ಳು ಕಟ್ಟಿದ್ದರು. ಈಗೊಮ್ಮೆ ಮಣ್ಣು ಅಳೆಯುತ್ತೇವೆ, ಐದು ವರ್ಷದ ಮೇಲೆ ಅದೇ ಜಾಗದಲ್ಲಿ ಇನ್ನೊಮ್ಮೆ ಅಳೆಯುತ್ತೇವೆ. ಕಾರ್ಬನ್ ಏರಿದ್ದರೆ ಹೊಲ ನಿಮ್ಮದೇ. ಇಳಿದಿದ್ದರೆ ಇನ್ನೊಬ್ಬರಿಗೆ. ದೊಡ್ಡ ಜಮೀನಿಗೆ ಹತ್ತಾರು ಕಡೆ ಅಳೆಯುತ್ತಿದ್ದರು. ಹುಲ್ಲಪ್ಪನಂಥ ಸಣ್ಣವರಿಗೆ ಒಂದೇ ಜಾಗ, ನೆಲದೊಳಗೆ ಹೂತಿಟ್ಟ ಒಂದೇ ಕಬ್ಬಿಣದ ಗೂಟ.

ಆ ಗೂಟ ಹೂಳಿದ ದಿನ ಹುಲ್ಲಪ್ಪ ಊರಲ್ಲಿರಲಿಲ್ಲ. ಹೆಂಡತಿಗೆ ಆಪರೇಷನ್ ಆಗಿ ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದ. ಬಂದವರಿಗೆ ಹೊಲ ತೋರಿಸಿದವನು ಅಪ್ಪ. ಆ ಕಥೆಯನ್ನು ಮುದುಕ ಐದು ವರ್ಷವೂ ಹೇಳಿದ್ದೇ ಹೇಳಿದ್ದು. "ಮಣ್ಣು ತೆಗೆದೋನು ಬಾಯಿ ಬಿಟ್ಟುಬಿಟ್ಟ ಕಣೋ! 'ಯಜಮಾನ್ರೇ, ನನ್ನ ಸರ್ವೀಸಲ್ಲೇ ಇಂಥ ಮಣ್ಣು ನೋಡಿಲ್ಲ' ಅಂದ. ಮೂಸಿ ನೋಡಿದ. ಇನ್ನೊಂಚೂರು ಬಿಟ್ಟಿದ್ರೆ ತಿಂದೇಬಿಡ್ತಿದ್ದ!" ಹುಲ್ಲಪ್ಪ ಹೂಂಗುಟ್ಟುತ್ತಿದ್ದ. ಯಾವ ಜಾಗ ತೋರಿಸಿದೆ ಎಂದು ಒಂದು ದಿನವಾದರೂ ಕೇಳಬೇಕಿತ್ತು. ಕೇಳಲಿಲ್ಲ. ಸಾವಿರ ಸಲ ಕೇಳಿದ ಕಥೆಯನ್ನು ಯಾರು ಕಿವಿಗೊಟ್ಟು ಕೇಳುತ್ತಾರೆ?

ಮೇಡಂ ಕೈಯಲ್ಲಿ ಹೂತ ಗೂಟ ಹುಡುಕುವ, ಮೊಬೈಲಿಗಿಂತ ದಪ್ಪದ ಯಂತ್ರ ಹಿಡಿದು ಹುಲ್ಲಿನ ಮೇಲೆ ನಡೆದಳು. ನಡುವಯಸ್ಸಿನ ಹೆಂಗಸು, ಬೆನ್ನಿನ ಮೇಲೆ ಚೀಲ, ಅದರಿಂದ ಹೊರಗೆ ಕಾಣುವ ಉದ್ದನೆಯ ಉಕ್ಕಿನ ಕೊಳವೆ. ಹುಲ್ಲಪ್ಪ ಹಿಂದೆ ಹಿಂದೆ ಹೋದ. ಹೊಲದ ನಡುವೆ ಅವಳು ನಿಂತಾಗ ಅವನಿಗೆ ಸಮಾಧಾನವಾಯಿತು. ಅಲ್ಲಿಯ ಮಣ್ಣು ಹೇಗೆ ಬದಲಾಗಿದೆ ಎಂದು ಅವನಿಗೆ ಗೊತ್ತಿತ್ತು. ಮೊದಲು ಹೆಂಟೆಯಾಗಿದ್ದದ್ದು ಈಗ ಹಿಡಿದರೆ ಹಿಟ್ಟಿನಂತೆ ಉದುರುತ್ತಿತ್ತು. ಆದರೆ ಅವಳು ಯಂತ್ರ ನೋಡಿಕೊಂಡು ಎಡಕ್ಕೆ ತಿರುಗಿದಳು.

"ಮೇಡಂ, ಆ ಕಡೆ ಅಲ್ಲ. ಹೊಲ ಇರೋದು ಈ ಕಡೆ."

"ಯಂತ್ರ ಆ ಕಡೆ ಅಂತಿದೆ ಅಣ್ಣಾ."

"ಅದಕ್ಕೆ ತಲೆ ಕೆಟ್ಟಿರಬೇಕು."

"ಇರಬಹುದು. ಆದರೆ ಅದು ಹೇಳಿದ ಕಡೆ ಹೋದರೇನೇ ನನಗೆ ಸಂಬಳ."

ಹಳೆ ಕೊಟ್ಟಿಗೆಯ ಮುರಿದ ಗೋಡೆ ಹತ್ತಿರ ಬರುತ್ತಿದ್ದಂತೆ ಯಂತ್ರ ಕುಂಯ್‌ಗುಟ್ಟತೊಡಗಿತು. ಅವಳು ಮಂಡಿಯೂರಿ ಕೈಯಿಂದ ಕೆದಕಿದಳು. ತುಕ್ಕು ಹಿಡಿದ ಗೂಟದ ತಲೆ ಕಾಣಿಸಿತು. ಹುಲ್ಲಪ್ಪ ಗೂಟವನ್ನೂ ಮುರಿದ ಗೋಡೆಯನ್ನೂ ಬದಲಿಸಿ ಬದಲಿಸಿ ನೋಡಿದ.

ಅದು ತಿಪ್ಪೆ ಇದ್ದ ಜಾಗ. ಅವನು ಹುಟ್ಟುವುದಕ್ಕೂ ಮೊದಲಿನಿಂದ ಕೊಟ್ಟಿಗೆಯ ಸಗಣಿ, ಗಂಜಲ, ಬೂದಿ, ಕಸ ಎಲ್ಲ ಬಿದ್ದು ಬಿದ್ದು ಕಪ್ಪಾದ ಗುಂಡಿ. ಕೊಟ್ಟಿಗೆಯನ್ನು ಮನೆ ಪಕ್ಕಕ್ಕೆ ತಂದ ಮೇಲೆ ಅಪ್ಪನೇ ಅದನ್ನು ಮುಚ್ಚಿ, ಸಮ ಮಾಡಿ, ಹೊಲಕ್ಕೆ ಸೇರಿಸಿದ್ದ. ಅಳೆದವರು ಬಂದದ್ದು ಅದರ ಮಾರನೇ ವರ್ಷ. ತಿಪ್ಪೆಯ ಮಣ್ಣು ತಿಪ್ಪೆ ನಿಂತ ಮೇಲೆ ವರ್ಷವರ್ಷಕ್ಕೂ ಕರಗುತ್ತದೆ. ಅದರ ಮೇಲೆ ಹುಲ್ಲು ಹಾಸಿದರೂ ಇಳಿಯುತ್ತದೆ, ಚಿನ್ನ ಹಾಸಿದರೂ ಇಳಿಯುತ್ತದೆ.

ಬದುವಿನ ಮೇಲೆ ಬಕೆಟ್ಟು ಬೋರಲು ಹಾಕಿ ಕೂತಿದ್ದ ಅಪ್ಪ ಕೈ ಬೀಸಿ ಕೂಗಿದ. "ಅದೇ ಕಣಮ್ಮಾ! ಅದೇ ಜಾಗ! ಮೂಸಿ ನೋಡು!"

ಮೇಡಂ ಕೊಳವೆ ಇಳಿಸಿ, ತಿರುಗಿಸಿ, ಎಳೆದು, ಮಣ್ಣನ್ನು ಚೀಲಕ್ಕೆ ತುಂಬಿ ಕಟ್ಟಿದಳು. ಮೂಸಲಿಲ್ಲ. ಹುಲ್ಲಪ್ಪ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ಮೇಡಂ, ಒಂಚೂರು ಆ ಕಡೆ ತೆಗೀರಿ. ಹತ್ತು ಹೆಜ್ಜೆ. ನಿಮ್ಮ ಕಾಲಿಗೆ ಬೀಳ್ತೀನಿ."

"ಬೂಟು ಕೆಸರಾಗಿದೆ, ಬೀಳಬೇಡಿ," ಎಂದಳು ಅವಳು. ತಮಾಷೆಯಲ್ಲ, ನಿಜವಾಗಿಯೂ ಕೆಸರಾಗಿತ್ತು. "ನನ್ನ ಕೈಲಿ ಏನೂ ಇಲ್ಲ ಅಣ್ಣಾ. ಆಕ್ಷೇಪಣೆ ಇದ್ದರೆ ಆಫೀಸಿಗೆ ಬನ್ನಿ. ಆವತ್ತು ಜಾಗ ತೋರಿಸಿದೋರನ್ನೂ ಕರಕೊಂಡು ಬನ್ನಿ."

ಅವಳು ಹೋದ ಮೇಲೆ ಮನೆಯ ಅಡುಗೆಕೋಣೆಯಲ್ಲಿ ರಂಪವಾಯಿತು.

"ಯಾವನಾದ್ರೂ ತಿಪ್ಪೆ ತೋರಿಸ್ತಾನೇನಪ್ಪಾ? ಇಡೀ ಹೊಲ ಬಿಟ್ಟು?"

"ಒಳ್ಳೆ ಮಣ್ಣು ತೋರಿಸದೆ ಕಲ್ಲು ತೋರಿಸಬೇಕಿತ್ತೇನೋ? ಮನೆಗೆ ಬಂದೋರಿಗೆ ಹರಕು ಚಾಪೆ ಹಾಸ್ತಾರಾ?"

"ಹರಕು ಚಾಪೆನೇ ಹಾಸಬೇಕಿತ್ತು! ಮೊದಲು ಕಮ್ಮಿ ಇರಬೇಕು, ಆಮೇಲೆ ಜಾಸ್ತಿ ಆಗಬೇಕು. ಅದು ಕಾಯ್ದೆ! ಬೆಂಕಿಪೊಟ್ಟಣನ್ನ ನೋಡು!"

ಬೆಂಕಿಪೊಟ್ಟಣ ಪಕ್ಕದ ಹೊಲದವನು. ಮೊದಲ ಸಲ ಅಳೆಯುವ ಹಿಂದಿನ ದಿನದವರೆಗೂ ಹೊಲದ ಕಸಕ್ಕೆಲ್ಲ ಬೆಂಕಿ ಇಟ್ಟು ಬೂದಿ ಮಾಡುತ್ತಿದ್ದ ಮಹಾನುಭಾವ. ಅವನ ಮಣ್ಣು ಆಗ ಸತ್ತೇ ಹೋಗಿತ್ತು. ಆಮೇಲೆ ಬೆಂಕಿ ಇಡುವುದೊಂದನ್ನು ಬಿಟ್ಟ, ಬೇರೇನೂ ಮಾಡಲಿಲ್ಲ. ಕಾರ್ಬನ್ ತಾನಾಗಿಯೇ ಏರಿತು. ಅವನ ಗುತ್ತಿಗೆ ಮುಂದುವರಿಯಿತು, ಮೇಲೊಂದು ಶಾಲು ಬೇರೆ. ಹಾಳು ಮಾಡಿದವನಿಗೆ ಹಾರ, ಹೊತ್ತವನಿಗೆ ಸೊಂಟನೋವು.

ಅಪ್ಪ ಚಹಾದ ಲೋಟ ಕೆಳಗಿಟ್ಟ. "ಅವನ ಮಣ್ಣಿಗೂ ನನ್ನ ಮಣ್ಣಿಗೂ ಸಮ ಮಾಡ್ತೀಯೇನೋ?"

"ರೀ, ಸಾಕು ಬಿಡಿ," ಎಂದಳು ಹೆಂಡತಿ. "ಮಾವನ್ನ ಬೈದರೆ ಗೂಟ ಎದ್ದು ಬರುತ್ತಾ? ಆಫೀಸಿಗೆ ಹೋಗೋದು ಯಾವಾಗ ಅಂತ ನೋಡಿ."

ವರದಿ ಬಂತು. ಇಳಿದಿದೆ ಎಂದಿತ್ತು. ಹುಲ್ಲಪ್ಪ ಆಕ್ಷೇಪಣೆ ಬರೆದುಕೊಟ್ಟ. ಕರೆ ಬಂದ ದಿನ ಅಪ್ಪನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಬಸ್ಸು ಹತ್ತಿಸಿ, ಪಟ್ಟಣಕ್ಕೆ ಕರೆದುಕೊಂಡು ಹೋದ. ಬಸ್ಸಿನಲ್ಲಿ ಒಂದೇ ಮಾತು ಹೇಳಿದ: "ಅಪ್ಪಾ, ಅದು ಹೊಲದ ಮಣ್ಣಲ್ಲ, ತಿಪ್ಪೆ ಅಂತ ಹೇಳಿಬಿಡು. ಬೇರೇನೂ ಬೇಡ. ಕಥೆ ಬೇಡ." ಅಪ್ಪ ಕಿಟಕಿಯ ಆಚೆ ನೋಡುತ್ತಿದ್ದ.

ಮಣ್ಣಿನ ಆಫೀಸಿನ ವರಾಂಡದಲ್ಲಿ ಒಂದು ಬೆಂಚು, ಅದರ ಕುಂಟು ಕಾಲಿಗೆ ಮಡಚಿಟ್ಟ ರಟ್ಟು. ಗೋಡೆಯ ಮೇಲೆ ಶಾಲು ಹೊದ್ದ ಬೆಂಕಿಪೊಟ್ಟಣನ ದೊಡ್ಡ ಫೋಟೋ, 'ಮಾದರಿ ರೈತ' ಅಂತ. ಅಪ್ಪ ಅದನ್ನು ನೋಡಿ, ಬೆಂಚಿನ ಮೇಲೆ ಅದಕ್ಕೆ ಬೆನ್ನು ಮಾಡಿ ಕೂತ. ಗೋಡೆಯುದ್ದಕ್ಕೂ ಕಪಾಟುಗಳಲ್ಲಿ ಮಣ್ಣಿನ ಚೀಲಗಳು ಒಂದರ ಮೇಲೊಂದು ಬಿದ್ದಿದ್ದವು. ಒಂದು ಚೀಲದೊಳಗೆ ಯಾವುದೋ ಕಾಳು ಮೊಳೆತು, ಪ್ಲಾಸ್ಟಿಕ್ಕಿಗೆ ತಲೆ ತಾಗಿಸಿಕೊಂಡು ಬಿಳಿಚಿ ನಿಂತಿತ್ತು. ಹುಲ್ಲಪ್ಪ ಕಾದ. ಊಟದ ಹೊತ್ತು ಬಂದು ಹೋಯಿತು. ಕಾಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮಣ್ಣು ಅದನ್ನು ಕಲಿಸಿತ್ತು.

ಸಾಹೇಬರು ಕನ್ನಡಕ ತೆಗೆದು ಮೂಗು ಉಜ್ಜಿಕೊಳ್ಳುತ್ತಿದ್ದರು. ಅವರಿಗೂ ಸುಸ್ತಿದ್ದಂತಿತ್ತು. ಅರ್ಜಿ ಓದಿ ನಿಟ್ಟುಸಿರು ಬಿಟ್ಟರು.

"ನೀವೂ ತಿಪ್ಪೆನಾ?"

"ಇನ್ಯಾರು ಸಾರ್?"

"ಕೇಳಬೇಡಿ. ಬೆಳಿಗ್ಗೆ ಬಂದೋರು ಹಳೆ ಕುರಿದೊಡ್ಡಿ ತೋರಿಸಿದ್ರಂತೆ. ನಿನ್ನೆ ಒಬ್ಬರು, ಮನೆ ಹಿಂದಿನ ಬಚ್ಚಲುನೀರಿನ ಬಾಳೆಗುಂಡಿ. ಕಾಯ್ದೆ ಮಾಡೋವಾಗ, ಜನ ಕೆಟ್ಟ ಜಾಗ ತೋರಿಸಿ ಮೋಸ ಮಾಡ್ತಾರೆ ಅಂತ ಹೆದರಿ, ಬಂಡೆ ತೋರಿಸಬಾರದು, ದಾರಿ ತೋರಿಸಬಾರದು ಅಂತೆಲ್ಲ ಬರೆದ್ವಿ. ಒಳ್ಳೇದನ್ನ ತೋರಿಸಿ ತಾವೇ ಹಳ್ಳಕ್ಕೆ ಬೀಳ್ತಾರೆ ಅಂತ ಯಾರಿಗೂ ಹೊಳೀಲಿಲ್ಲ." ಅವರು ಅಪ್ಪನ ಕಡೆ ತಿರುಗಿದರು. "ಜಾಗ ತೋರಿಸಿದ್ದು ನೀವೇನಾ ಯಜಮಾನ್ರೇ?"

"ನಾನೇ."

"ತಿಪ್ಪೆ ಅಂತ ಗೊತ್ತಿತ್ತಾ?"

"ಗೊತ್ತಿಲ್ಲದೆ ಏನು? ಗುಂಡಿ ತೋಡಿದ್ದೇ ನಾನು."

"ಹಾಗಾದ್ರೆ ಅದು ಹೊಲದ ಮಣ್ಣಲ್ಲ ಅಂತ ಹೇಳ್ತೀರಾ? ನೀವು ಬಾಯಿಬಿಟ್ಟು ಹೇಳಬೇಕು. ನಾನು ಬರಕೋಬೇಕು."

ಮೇಲೆ ಫ್ಯಾನು ಕಟಕಟ ಅನ್ನುತ್ತಿತ್ತು. ಮುದುಕ ಬಾಯಿ ತೆರೆದರೆ ಕಥೆ ಶುರುವಾಗುತ್ತದೆ, ನನ್ನ ಸರ್ವೀಸಲ್ಲೇ ಇಂಥ ಮಣ್ಣು ನೋಡಿಲ್ಲ ಅಂದ ಎನ್ನುತ್ತಾನೆ, ಹೊಲ ಹೋಗುತ್ತದೆ. ಹುಲ್ಲಪ್ಪನಿಗೆ ಅಪ್ಪನ ಕೈ ಹಿಡಿದು ಅಲುಗಾಡಿಸಬೇಕೆನ್ನಿಸಿತು. ಅಪ್ಪ ಮಗನ ಮುಖ ನೋಡಲಿಲ್ಲ. ಮೇಜಿನ ಮೇಲೆ ಬಿದ್ದಿದ್ದ ಮಗನ ಕೈಗಳನ್ನು ನೋಡಿದ. ದಂಟು ಹೊತ್ತು ಸೀಳಿದ ಬೆರಳುಗಳು, ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಮಣ್ಣು.

"ಹೊಲದ್ದಲ್ಲ," ಎಂದ. "ತಿಪ್ಪೆ."

ಅಷ್ಟೇ. ಕಥೆ ಬರಲಿಲ್ಲ.

ಸಾಹೇಬರು ಬರೆದು, ಮೊಹರು ಒತ್ತಿದರು. "ಹಳೆ ಗೂಟ ರದ್ದು. ಹೊಸ ಗೂಟ ಹಾಕ್ತೀವಿ. ಜಾಗ ನೀವೇ ತೋರಿಸಿ. ಬೆಳೆ ಬರೋ ಜಾಗ ಆಗಿರಬೇಕು, ಅಷ್ಟೆ. ಅಲ್ಲಿಂದ ಹೊಸ ಐದು ವರ್ಷ."

"ಹೋದ ಐದು ವರ್ಷ ಸಾರ್?"

"ಅದು ಲೆಕ್ಕಕ್ಕಿಲ್ಲ."

"ಮಣ್ಣಲ್ಲಿದೆ ಸಾರ್. ಬಂದು ನೋಡಿ. ಕೈ ಹಾಕಿದ್ರೆ ಮೊಳಕೈವರೆಗೂ ಹೋಗುತ್ತೆ."

"ಮಣ್ಣಲ್ಲಿರಲಿ ಬಿಡಿ. ಎಲ್ಲಿಗೆ ಹೋಗುತ್ತೆ?" ಸಾಹೇಬರು ಕನ್ನಡಕ ಮತ್ತೆ ಹಾಕಿಕೊಂಡರು. "ಈ ಸಲ ಸ್ವಲ್ಪ ನೋಡಿ ತೋರಿಸಿ. ನಾನು ಹೇಳಿದೆ ಅಂತ ಮಾತ್ರ ಹೇಳಬೇಡಿ."

ಹೊರಗೆ ಬಂದು ಹುಲ್ಲಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟ. ಹೊಲ ಉಳಿದಿತ್ತು. ಕುಣಿಯಬೇಕಿತ್ತು. ಕುಣಿಯುವುದಿರಲಿ, ಎದ್ದು ನಿಲ್ಲುವುದಕ್ಕೇ ಆಗಲಿಲ್ಲ. ಐದು ವರ್ಷ ಹೊತ್ತದ್ದನ್ನು ಕೆಳಗಿಳಿಸಿ, ಮತ್ತೆ ಅದೇ ಹೊರೆಯನ್ನು ತಲೆ ಮೇಲೆ ಎತ್ತಿಡು ಎಂದಂತಾಯಿತು. ಅದರ ಮೇಲೆ ದೊಡ್ಡ ಚಿಂತೆಯೊಂದು ಬೇರೆ. ಸಾಧಾರಣ ಜಾಗವೇ ಈಗ ಚೆನ್ನಾಗಿದೆ. ಚೆನ್ನಾಗಿರುವುದನ್ನು ಇನ್ನೆಷ್ಟು ಚೆನ್ನಾಗಿ ಮಾಡುವುದು? ಹೊಟ್ಟೆ ತುಂಬಿದವನಿಗೆ ಇನ್ನೊಂದು ಊಟ ತುರುಕಿದ ಹಾಗೆ. ಏರುವಷ್ಟು ಏರಿದ ಮೇಲೆ ಮಣ್ಣೂ ಸಾಕು ಅನ್ನುತ್ತದೆ.

ಪರಿಹಾರ ಹೇಳಿದವಳು ಹೆಂಡತಿ. ಬಟ್ಟೆ ಒಣಹಾಕುತ್ತಾ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಹೇಳಿದಳು. "ಟ್ರ್ಯಾಕ್ಟರ್ ತಿರುಗಿಸ್ತಿದ್ರಲ್ಲ, ಆ ಮೂಲೆ ತೋರಿಸಿ."

ಉಳುಮೆ ಇದ್ದ ಕಾಲದಲ್ಲಿ ಟ್ರ್ಯಾಕ್ಟರ್ ಸಾಲು ಮುಗಿಸಿ ಹೊರಳುತ್ತಿದ್ದ ಮೂಲೆ ಅದು. ಚಕ್ರ ತುಳಿದು ತುಳಿದು ನೆಲ ಹೆಂಚಾಗಿತ್ತು. ಅಲ್ಲಿ ಬಿತ್ತಿದ ಜೋಳ ಹುಟ್ಟುತ್ತಿತ್ತು, ಮೊಣಕಾಲುದ್ದ ಬಂದು ಅಲ್ಲಿಗೇ ನಿಲ್ಲುತ್ತಿತ್ತು. ಬೆಳೆ ಬರೋ ಜಾಗವೇ ಅದು, ನಿಯಮ ಮುರಿದಂತಾಗಲಿಲ್ಲ. ಹುಲ್ಲಪ್ಪ ತನ್ನ ಹುಲ್ಲನ್ನು ಆ ಮೂಲೆಗೆ ಮಾತ್ರ ಯಾವತ್ತೂ ದಂಡ ಮಾಡಿರಲಿಲ್ಲ.

ಮಣ್ಣಿನ ಮೇಡಂ ಮತ್ತೆ ಬಂದಳು, ಅದೇ ಬೂಟು. ಹುಲ್ಲಪ್ಪ ಅವಳನ್ನು ಹೊಲದ ನಡುವಿನಿಂದಲೇ ನಡೆಸಿಕೊಂಡು ಹೋದ. ಬೇರೆ ದಾರಿ ಇರಲಿಲ್ಲ. ಒಳ್ಳೆ ಮಣ್ಣಿನ ಮೇಲೆ ಕಾಲಿಟ್ಟಾಗ ಅವಳ ಬೂಟು ಮೆತ್ತಗೆ ಇಳಿಯುತ್ತಿತ್ತು. ಅವಳಿಗೂ ಅದು ತಿಳಿದಿರಬೇಕು, ಒಮ್ಮೆ ನಿಂತು ಕೆಳಗೆ ನೋಡಿದಳು. ಹುಲ್ಲಪ್ಪ ನಿಲ್ಲಲಿಲ್ಲ. ಅಪ್ಪ ಇವತ್ತು ಬಕೆಟ್ಟಿನ ಮೇಲೆ ಕೂರದೆ, ಕೋಲೂರಿಕೊಂಡು ಹಿಂದೆ ಬರುತ್ತಿದ್ದ.

ಮೂಲೆಯಲ್ಲಿ ಕೊಳವೆ ಇಳಿಯಲೇ ಇಲ್ಲ. ಅವಳು ಮೈಭಾರ ಹಾಕಿ ಒತ್ತಿದಳು, ಸುತ್ತಿಗೆ ತೆಗೆದು ಬಡಿದಳು. ಕೊನೆಗೆ ಮೇಲೆ ಬಂದದ್ದು ಬೂದು ಬಣ್ಣದ ಹೆಂಟೆ, ಮುರಿದ ಇಟ್ಟಿಗೆಯ ಚೂರಿನಂಥದ್ದು. ಬೇರಿಲ್ಲ, ಹುಳವಿಲ್ಲ. ಅವಳು ಅದನ್ನು ಕೈಯಲ್ಲಿ ಹಿಡಿದು ನೋಡಿ, ಬೇಕೆಂದೇನೂ ಅಲ್ಲದೆ, ಬೆವರು ಒರೆಸಿಕೊಳ್ಳುತ್ತಾ ಕೇಳಿದಳು:

"ಅಷ್ಟು ಹುಲ್ಲು ಹೊತ್ತು ಮಾಡಿದ್ದು ಇದನ್ನೇನಾ ಅಣ್ಣಾ? ಇದೇನಾ ನಿಮ್ಮ ಹೊಲ?"

ಹುಲ್ಲಪ್ಪನ ಕಿವಿ ಬಿಸಿಯಾಯಿತು. ಅಪ್ಪ ಅವತ್ತು ಯಾಕೆ ತಿಪ್ಪೆಗೆ ಕರೆದುಕೊಂಡು ಹೋದ ಎಂದು ಅವನಿಗೆ ಆ ಕ್ಷಣದಲ್ಲಿ ಅರ್ಥವಾಯಿತು. ಬನ್ನಿ ಇಲ್ಲಿ, ಇದಲ್ಲ, ನಡುಹೊಲಕ್ಕೆ ಬನ್ನಿ, ಕೈ ಹಾಕಿ ನೋಡಿ ಎಂದು ಅವಳ ಕೈ ಹಿಡಿದು ಎಳೆದುಕೊಂಡು ಹೋಗಬೇಕೆನ್ನಿಸಿತು. ಬಗ್ಗಿ ಅವಳ ಸುತ್ತಿಗೆ ಎತ್ತಿಕೊಟ್ಟ.

"ಹೂಂ," ಎಂದ. "ಇದೇ ನಮ್ಮ ಹೊಲ."

ಅವಳು ಗೂಟ ಬಡಿದು ಮಣ್ಣು ಮುಚ್ಚಿದಳು. ಹುಲ್ಲಪ್ಪ ತಿರುಗಿ ನೋಡುವಷ್ಟರಲ್ಲಿ ಅಪ್ಪ ಕೋಲೂರುತ್ತಾ ಅರ್ಧ ದಾರಿ ಹೋಗಿಬಿಟ್ಟಿದ್ದ.

ಅವತ್ತಿನಿಂದ ಮುದುಕ ಮಾತು ಬಿಟ್ಟ. ಸೊಸೆಯ ಜೊತೆ ಆಡುತ್ತಿದ್ದ, ಹಸುಗಳ ಜೊತೆ ಆಡುತ್ತಿದ್ದ, ಮಗ ಒಳಗೆ ಬಂದರೆ ಎದ್ದು ಹೊರಗೆ ಹೋಗುತ್ತಿದ್ದ. ಒಂದು ದಿನ ಊಟದ ಹೊತ್ತಿಗೆ, ತಟ್ಟೆ ನೋಡುತ್ತಲೇ ಹೇಳಿದ: "ನಾನು ಹೊಲದ ಮಣ್ಣನ್ನ ತಿಪ್ಪೆ ಅಂದೆ. ನೀನು ಹೆಂಚನ್ನ ಹೊಲ ಅಂದೆ. ಇಬ್ಬರಲ್ಲಿ ಯಾರು ದೊಡ್ಡ ಸುಳ್ಳನೋ?" ಹೊಲ ಉಳಿಸಿಕೊಂಡಿದ್ದೇನೆ ಎಂದು ಹುಲ್ಲಪ್ಪ ಅನ್ನಬಹುದಿತ್ತು. ಅನ್ನುವುದಕ್ಕೂ ಬೇಜಾರಾಯಿತು. ಕೈತೊಳೆದು ಎದ್ದ.

ಮಳೆ ಒಂದೆರಡು ಸಲ ಬಂದು ಹೋದ ಮೇಲೆ, ಒಂದು ಬೆಳಿಗ್ಗೆ ಹುಲ್ಲಪ್ಪ ಹೊಲಕ್ಕೆ ಹೋದಾಗ ಆ ಮೂಲೆಯಲ್ಲಿ ಯಾರೋ ಬಗ್ಗಿದ್ದು ಕಂಡಿತು. ಹತ್ತಿರ ಹೋದರೆ ಅಪ್ಪ. ಪಕ್ಕದಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಕೊಟ್ಟಿಗೆಯ ಗೊಬ್ಬರ. ಮುದುಕ ಅದನ್ನು ಹಿಡಿಹಿಡಿಯಾಗಿ ತೆಗೆದು, ಗೂಟವಿದ್ದ ಜಾಗದ ಸುತ್ತ ತೆಳ್ಳಗೆ ಹರಡಿ, ಮೇಲೆ ಹುಲ್ಲು ಮುಚ್ಚುತ್ತಿದ್ದ. ನೋಡಿದರೆ ಅದು ಮೊದಲ ದಿನದ ಕೆಲಸವಲ್ಲ. ಹುಲ್ಲಿನ ಕೆಳಗೆ ಆಗಲೇ ಒಂದು ಪದರ ಕಪ್ಪಾಗಿತ್ತು.

ಹುಲ್ಲಪ್ಪನಿಗೆ ಎಷ್ಟೋ ದಿನದ ಮೇಲೆ ಸಿಟ್ಟು ನೆತ್ತಿಗೇರಿತು.

"ಏನಪ್ಪಾ ಇದು! ನಡುಹೊಲದ ಜೋಳಕ್ಕೇ ಗೊಬ್ಬರ ಸಾಲ್ತಿಲ್ಲ, ತಂದು ಈ ಹೆಂಚಿನ ಮೇಲೆ ಸುರೀತಿದ್ದೀಯಲ್ಲ! ಇಲ್ಲಿ ಏನು ಬೆಳೆಯುತ್ತೆ?"

"ನಡುಹೊಲದಲ್ಲಿ ಜೋಳ ಬೆಳೆಯುತ್ತೆ," ಎಂದ ಅಪ್ಪ, ತಲೆ ಎತ್ತದೆ. "ಇಲ್ಲಿ ಗುತ್ತಿಗೆ ಬೆಳೆಯುತ್ತೆ."

"ಗೂಟದ ಮೇಲೆ ಗುಡ್ಡೆ ಹಾಕಬಾರದು ಅಂತ ಆರ್ಡರಿದೆ."

"ಗುಡ್ಡೆ ಎಲ್ಲೋ ಹಾಕಿದೆ? ಹರಡ್ತಿದ್ದೀನಿ. ಹರಡಬಾರದು ಅಂತಿದ್ದರೆ ತೋರಿಸು." ಕೈ ಕೊಡವಿಕೊಂಡು ಸೊಂಟ ನೆಟ್ಟಗೆ ಮಾಡಲು ನೋಡಿದ, ಅದು ಆಗಲಿಲ್ಲ, ಮಗನ ತೋಳು ಹಿಡಿದುಕೊಂಡ. "ತಿಪ್ಪೆ ಒಂದೇ ದಿನಕ್ಕೆ ಆಗಿದ್ದಲ್ಲ ಕಣೋ. ದಿನಾ ಒಂದು ಬುಟ್ಟಿ. ಆ ಹೆಂಗಸು ಮತ್ತೆ ಬರೋ ಹೊತ್ತಿಗೆ ಕೊಳವೆ ಬೆಣ್ಣೆಗೆ ಇಳಿದ ಹಾಗೆ ಇಳೀಬೇಕು. ಆಗ ಕೇಳ್ತಾಳೆ, ಇದೇನಾ ನಿಮ್ಮ ಹೊಲ ಅಂತ."

"ಕೇಳಿದ್ರೆ ನೀನೇ ಹೇಳು."

"ನಾನೆಲ್ಲಿರ್ತೀನೋ ಆಗ? ನೀನು ಹೇಳು. ಹೂಂ, ಇದೇ ಅನ್ನು. ಆವಾಗ ಅದು ಸುಳ್ಳಾಗಿರಲ್ಲ."

ಹುಲ್ಲಪ್ಪ ಹೊಲದ ಕಡೆ ನೋಡಿದ. ನಡುವೆ ಜೋಳ ಕಡುಹಸಿರಾಗಿ ನಿಂತಿತ್ತು. ಯಾರೂ ಅಳೆಯದ, ಯಾವ ಗೂಟವೂ ಇಲ್ಲದ ಮಣ್ಣಿನಲ್ಲಿ. ಅದರಾಚೆ ಬೆಂಕಿಪೊಟ್ಟಣ ತನ್ನ ಬದುವಿನ ಮೇಲೆ ನಿಂತು ಇವರನ್ನೇ ನೋಡುತ್ತಾ, ಕೈ ಬಾಯಿಗೆ ಹಿಡಿದು, "ಏನು ಯಜಮಾನ್ರೇ, ಮತ್ತೆ ತಿಪ್ಪೆನಾ?" ಎಂದು ಕೂಗಿದ.

"ಹೌದು ಕಣೋ, ನಿನ್ನಪ್ಪನ ಗಂಟೇನು ಹೋಯ್ತು?" ಎಂದು ಮುದುಕ ತಿರುಗಿ ಕೂಗಿದ. ಕೂಗಿದ್ದಕ್ಕೆ ಕೆಮ್ಮು ಬಂತು.

"ಜೋಳಕ್ಕೆ ಗೊಬ್ಬರ ಎಲ್ಲಿಂದ ತರಲಿ ನಾನು?" ಎಂದ ಹುಲ್ಲಪ್ಪ. ದನಿಯಲ್ಲಿ ಸಿಟ್ಟು ಇಳಿದಿತ್ತು, ಸುಸ್ತು ಮಾತ್ರ ಉಳಿದಿತ್ತು.

"ಅದನ್ನ ಆಫೀಸಿನೋರನ್ನ ಕೇಳು. ಬುಟ್ಟಿ ಖಾಲಿಯಾಯ್ತು. ಇನ್ನೊಂದು ತಗೊಂಡು ಬಾ, ನನ್ನ ಕೈಲಾಗ್ತಿಲ್ಲ."

ಹುಲ್ಲಪ್ಪ ಬಗ್ಗಿ ಬುಟ್ಟಿ ಎತ್ತಿಕೊಂಡು, ಸೊಂಟಕ್ಕೊಂದು ಕೈ ಕೊಟ್ಟುಕೊಂಡು ಕೊಟ್ಟಿಗೆಯ ಕಡೆ ನಡೆದ.